ಹಬ್ಬದ ಪೇಟೆ, ಮನೆಯ ನೆಮ್ಮದಿ

ರಮಝಾನ್‌ನ ಕೊನೆಯ ಹತ್ತು ದಿನಗಳು ಬಂತೆಂದರೆ ಶಿವಮೊಗ್ಗದ ಗೋಪಾಳದಲ್ಲಿ ಸಿಟಿ ಬಸ್ಸು ನಿಲ್ಲುವ ಕಡೆ ಮಧ್ಯಾಹ್ನ ಮೂರರ ಹೊತ್ತಿಗೇ ಹೆಂಗಸರು, ಮಕ್ಕಳು ಸೇರತೊಡಗುತ್ತಾರೆ. ಝುಹರ್ ನಮಾಝ್ ಮುಗಿಸಿ ಹೊರಟವರು ಮಗ್ರಿಬ್‌ಗೆ ಮುಂಚೆ ಮನೆ ಸೇರಬೇಕು. ನಡುವೆ ಇರುವುದು ಮೂರು ಗಂಟೆ. ಅಷ್ಟರಲ್ಲಿ ಗಾಂಧಿಬಜಾರಿನಲ್ಲಿ ಮಗನಿಗೆ ಕುರ್ತಾ, ಮಗಳಿಗೆ ಚೂಡಿದಾರ್, ಅದಕ್ಕೊಪ್ಪುವ ಬಳೆ, ಅತ್ತೆಗೆ ಸೀರೆ, ನಾದಿನಿಯ ಮಗುವಿಗೊಂದು ಫ್ರಾಕು, ಶೀರ್ ಖುರ್ಮಾಕ್ಕೆ ಶ್ಯಾವಿಗೆ, ಖರ್ಜೂರ, ಗೋಡಂಬಿ ಎಲ್ಲವೂ ಆಗಬೇಕು. ಹೊಟ್ಟೆಯಲ್ಲಿ ಉಪವಾಸ, ಕೈಯಲ್ಲಿ ಚೀಲ, ಸೊಂಟದಲ್ಲಿ ಮಗು, ಪರ್ಸಿನಲ್ಲಿ ಎಣಿಸಿಟ್ಟ ನೋಟು. ಮನೆಗೆ ಬಂದು ಚೀಲ ಬಿಚ್ಚಿದಾಗ ಒಂದು ಅಳತೆ ಸಣ್ಣದಾಗಿರುತ್ತದೆ, ಇನ್ನೊಂದರ ಬಣ್ಣ ಯಾರಿಗೋ ಹಿಡಿಸಿರುವುದಿಲ್ಲ. 'ನಿಮಗೇನು ತಂದುಕೊಂಡ್ರಿ ಅಮ್ಮಿ?' ಎಂದು ಮಗಳು ಕೇಳಿದರೆ, 'ನನಗೇನು ಬಿಡು, ಹೋದ ವರ್ಷದ್ದೇ ಇದೆಯಲ್ಲ' ಎಂಬ ಉತ್ತರ ಬರುತ್ತದೆ.

ಇದು ನಮ್ಮೆಲ್ಲರ ಮನೆಯ ಮಾತು. ದೀಪಾವಳಿಗೆ ಮುಂಚಿನ ವಾರ ಇದೇ ಬೀದಿಯಲ್ಲಿ ನಮ್ಮ ಹಿಂದೂ ನೆರೆಯವರದ್ದೂ, ಡಿಸೆಂಬರಿನಲ್ಲಿ ಕ್ರೈಸ್ತ ನೆರೆಯವರದ್ದೂ ಇದೇ ಪಾಡು. ಸಂತೋಷಕ್ಕೆಂದು ಬಂದ ಹಬ್ಬ ಮನೆಯೊಡತಿಗೆ ತಲೆನೋವಾಗಿ, ಮನೆಯೊಡೆಯನಿಗೆ ಸಾಲವಾಗಿ ಮುಗಿಯುವುದು ಏಕೆ? 'ಈಗಿನ ಕಾಲದವರಿಗೆ ಆಸೆ ಜಾಸ್ತಿ' ಎಂದು ಹಿರಿಯರು ಹೇಳಿ ಮುಗಿಸುತ್ತಾರೆ. ಆದರೆ ಈ ಒತ್ತಡಕ್ಕೂ ಒಂದು ಇತಿಹಾಸವಿದೆ. ಅದರಿಂದ ಬಿಡುಗಡೆ ಪಡೆಯಲು ಜನರು ಹುಡುಕಿದ ದಾರಿಗಳಿಗೂ ಇತಿಹಾಸವಿದೆ. ಅದನ್ನು ತಿಳಿದರೆ, ತಪ್ಪು ಕೇವಲ ನಮ್ಮ ಮನೆಯ ಹೆಂಗಸರ ಆಸೆಯಲ್ಲಿಲ್ಲ ಎಂಬುದು ನಮಗೆ ಗೊತ್ತಾಗುತ್ತದೆ.

ಉಡುಗೊರೆ ಎಂದರೆ ಉಡುವ ಬಟ್ಟೆ

ಕನ್ನಡದ 'ಉಡುಗೊರೆ' ಎಂಬ ಮಾತಿನಲ್ಲೇ 'ಉಡು' ಇದೆ. ಮೊದಲಿಗೆ ಉಡುಗೊರೆ ಎಂದರೆ ಉಡಲು ಕೊಡುವ ಬಟ್ಟೆ. ಗೌರಿ ಹಬ್ಬದಲ್ಲಿ ಹೆಣ್ಣುಮಕ್ಕಳಿಗೆ ತವರಿನಿಂದ ಬರುವ ಬಾಗಿನವನ್ನು ನೋಡಿ. ಮೊರದೊಳಗೆ ಏನೇನಿರಬೇಕೆಂಬುದು ಮೊದಲೇ ಗೊತ್ತು: ಅಕ್ಕಿ, ಬೇಳೆ, ಬೆಲ್ಲ, ಅರಿಶಿನ ಕುಂಕುಮ, ಬಳೆ, ರವಿಕೆ ಕಣ. ಏನು ಕೊಡಲಿ ಎಂದು ತಲೆ ಕೆಡಿಸಿಕೊಳ್ಳುವ ಪ್ರಶ್ನೆಯೇ ಅಲ್ಲಿಲ್ಲ. ಕೊಡುವವರ ಶಕ್ತಿಗೆ ತಕ್ಕಂತೆ ಮೊರ ದೊಡ್ಡದೋ ಚಿಕ್ಕದೋ ಆಗಬಹುದು, ಪಟ್ಟಿ ಮಾತ್ರ ಬದಲಾಗುವುದಿಲ್ಲ.

ನಮ್ಮ ಈದ್‌ನ ಮೂಲದಲ್ಲೂ ಇಂತಹದೇ ಒಂದು ಸರಳತೆ ಇದೆ. ಈದುಲ್ ಫಿತ್ರ್‌ನ ಮೊದಲ ಕೊಡುಗೆ ಬಟ್ಟೆಯೂ ಅಲ್ಲ, ಈದಿಯೂ ಅಲ್ಲ, ಫಿತ್ರ್ ಝಕಾತ್. ಅದರ ರಚನೆಯನ್ನು ಗಮನಿಸಬೇಕು. ತಲೆಗೆ ಇಷ್ಟು ಎಂಬ ಅಳತೆ ನಿಗದಿಯಾಗಿದೆ. ಒಂದು ಸಾಅ್, ಅಂದರೆ ಸುಮಾರು ಎರಡೂವರೆಯಿಂದ ಮೂರು ಕಿಲೋ ಧಾನ್ಯ. ಈದ್ ನಮಾಝ್‌ಗೆ ಮುಂಚೆ ಅದು ಬಡವರ ಮನೆ ಸೇರಬೇಕೆಂಬ ಗಡುವು ನಿಗದಿಯಾಗಿದೆ. ಯಾರಿಗೆ ಕೊಡಬೇಕೆಂಬುದೂ ಗೊತ್ತು. ಶ್ರೀಮಂತ ತನ್ನ ತಲೆಗೆ ಕೊಡಬೇಕಾದ ಫಿತ್ರ್ ಎಷ್ಟೋ ಅವನ ಮನೆಯ ಹಸುಗೂಸಿನ ಹೆಸರಿನದ್ದೂ ಅಷ್ಟೇ. ಇಲ್ಲಿ ಹೋಲಿಕೆಗೆ ಎಡೆಯಿಲ್ಲ, ಪೈಪೋಟಿಗೆ ಎಡೆಯಿಲ್ಲ.

ಹಾಗೆಂದು ಹಬ್ಬಕ್ಕೆ ಒಳ್ಳೆಯ ಬಟ್ಟೆ ತೊಡುವುದು ಹೊಸ ಚಾಳಿಯೇನಲ್ಲ. ಮದೀನಾದ ಪೇಟೆಯಲ್ಲಿ ಮಾರಾಟಕ್ಕಿದ್ದ ರೇಷ್ಮೆಯ ನಿಲುವಂಗಿಯೊಂದನ್ನು ಹಝ್ರತ್ ಉಮರ್(ರ) ಪ್ರವಾದಿ ಮುಹಮ್ಮದ್(ಸ)ರ ಬಳಿ ತಂದು, ಈದ್‌ಗೆ ಮತ್ತು ನಿಯೋಗಗಳನ್ನು ಭೇಟಿಯಾಗಲು ಇದನ್ನು ಕೊಳ್ಳಬಹುದಲ್ಲ ಎಂದು ಸೂಚಿಸಿದ ಪ್ರಸಂಗ ಹದೀಸ್‌ನಲ್ಲಿದೆ. ಪ್ರವಾದಿಯವರು ನಿರಾಕರಿಸಿದ್ದು ಅದು ರೇಷ್ಮೆ ಎಂಬ ಕಾರಣಕ್ಕೆ. ಈದ್‌ಗೆ ಚೆನ್ನಾಗಿ ಉಡಬೇಕೆಂಬ ವಿಚಾರವನ್ನು ಅವರು ತಳ್ಳಿಹಾಕಲಿಲ್ಲ. ಇರುವುದರಲ್ಲಿ ಒಳ್ಳೆಯದನ್ನು ತೊಡುವುದು ಸುನ್ನತ್. ಹೊಸದನ್ನೇ ಕೊಳ್ಳಬೇಕೆಂಬುದು ನಾವು ಸೇರಿಸಿಕೊಂಡ ಷರತ್ತು.

ಆ ಷರತ್ತು ದೊಡ್ಡದಾಗಿ ಬೆಳೆದದ್ದು ಅರಮನೆಗಳಲ್ಲಿ. ಹತ್ತನೆಯ ಶತಮಾನದ ಕೊನೆಯ ಭಾಗದಿಂದ ಈಜಿಪ್ಟನ್ನು ಆಳಿದ ಫಾತಿಮಿಗಳ ಕೈರೋದಲ್ಲಿ 'ದಾರುಲ್ ಕಿಸ್ವಾ' ಎಂಬ ಬಟ್ಟೆಯ ಭಂಡಾರವೇ ಇತ್ತು. ಈದುಲ್ ಫಿತ್ರ್‌ಗೆ ಅಧಿಕಾರಿಗಳಿಗೂ ಅವರ ಕುಟುಂಬಗಳಿಗೂ ಅವರವರ ದರ್ಜೆಗೆ ತಕ್ಕ ಉಡುಪು ಅಲ್ಲಿಂದ ಹೋಗುತ್ತಿತ್ತು. ಹೀಗಾಗಿ ಆ ಹಬ್ಬಕ್ಕೆ 'ಉಡುಪುಗಳ ಈದ್' ಎಂಬ ಹೆಸರೇ ಬಿತ್ತು. ಈ ವ್ಯವಸ್ಥೆಯಲ್ಲಿ ಎರಡು ಸಂಗತಿಗಳಿವೆ. ಹಬ್ಬದ ಬಟ್ಟೆಯ ಖರ್ಚು ಮನೆಯ ಮೇಲೆ ಬೀಳದೆ ದೊರೆಯ ಬೊಕ್ಕಸದ ಮೇಲೆ ಬೀಳುತ್ತಿತ್ತು. ಜೊತೆಗೆ ಬಟ್ಟೆ ನೋಡಿ ಮನುಷ್ಯನ ದರ್ಜೆ ಅಳೆಯುವ ಅಭ್ಯಾಸವೂ ಬೇರೂರಿತು. ದೊರೆ ಹೋದ, ಬೊಕ್ಕಸ ಹೋಯಿತು. ಅಳೆಯುವ ಕಣ್ಣು ಮಾತ್ರ ಉಳಿಯಿತು.

ರೈಲು ತಂದ ಬಟ್ಟೆ, ಕಾರ್ಖಾನೆ ತಂದ ಸಂಬಳ

ಮಲೆನಾಡಿನ ನಮ್ಮ ಊರುಗಳಿಗೆ ಬರೋಣ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಯವರೆಗೆ ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ಸರಕು ಆಮೇಲೆ ಮೂಟೆ ಮೂಟೆಯಾಗಿ ಬರತೊಡಗಿತು. ಗಿರಣಿ ಬಟ್ಟೆ ಸುಲಭವಾಗಿ ಸಿಗತೊಡಗಿದಾಗ ಸಂತೆ ಮತ್ತು ಜಾತ್ರೆಗಳ ಜೊತೆಗೆ ವರ್ಷವಿಡೀ ತೆರೆದಿರುವ ಜವಳಿ ಅಂಗಡಿಗಳ ಬೀದಿಗಳೂ ಬೆಳೆದವು.

ರೈತನ ಮನೆಯ ಕೊಳ್ಳುವಿಕೆ ಫಸಲಿನ ಲೆಕ್ಕದ್ದು. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ಹಣ ಬಂದಾಗ ವರ್ಷದ ಬಟ್ಟೆ ಬರುತ್ತಿತ್ತು. ಈ ಲೆಕ್ಕ ಬದಲಾದದ್ದು ಭದ್ರಾವತಿಯಲ್ಲಿ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಆರಂಭವಾಗಿ, 1923ರಲ್ಲಿ ಕಬ್ಬಿಣ ಹರಿಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ತಮಿಳುನಾಡು, ಆಂಧ್ರ, ಕೇರಳಗಳಿಂದಲೂ ಕನ್ನಡ ನಾಡಿನ ಮೂಲೆಮೂಲೆಗಳಿಂದಲೂ ಜನ ಬಂದು ನ್ಯೂಟೌನ್, ಪೇಪರ್‌ಟೌನ್‌ಗಳ ಕ್ವಾರ್ಟರ್ಸ್‌ಗಳಲ್ಲಿ ಅಕ್ಕಪಕ್ಕ ನೆಲೆಸಿದರು. ಈದ್‌ನ ಶೀರ್ ಖುರ್ಮಾ ಒಂದು ಬಾಗಿಲಿಗೆ ಹೋದರೆ, ಆ ಬಾಗಿಲಿನಿಂದ ಯುಗಾದಿಯ ಹೋಳಿಗೆ ಬರುತ್ತಿತ್ತು, ಮತ್ತೊಂದು ಬಾಗಿಲಿನಿಂದ ಕ್ರಿಸ್ಮಸ್ ಕೇಕು. ತಟ್ಟೆ ಖಾಲಿ ಮರಳಿಸಬಾರದೆಂಬುದು ಅಲ್ಲಿಯ ಅಲಿಖಿತ ಕಾನೂನು.

ಕಾರ್ಖಾನೆ ತಂದ ದೊಡ್ಡ ಬದಲಾವಣೆ ತಿಂಗಳ ಸಂಬಳ. ಫಸಲಿಗೆ ಬದಲು ತಾರೀಖು ಬಂತು. ಆಮೇಲೆ ಬೋನಸ್ ಬಂತು. ಇದರ ಕಥೆ ಮೊದಲ ಮಹಾಯುದ್ಧದ್ದು. ಯುದ್ಧಕಾಲದ ಬೆಲೆಯೇರಿಕೆಯಿಂದ ತತ್ತರಿಸಿದ ಬೊಂಬಾಯಿಯ ಗಿರಣಿ ಕಾರ್ಮಿಕರಿಗೆ 1917ರಲ್ಲಿ 'ಯುದ್ಧ ಬೋನಸ್' ದೊರೆಯಿತು. ಅದನ್ನು ನಿಲ್ಲಿಸಿದಾಗ 1924ರಲ್ಲಿ ಅಲ್ಲಿ ದೊಡ್ಡ ಮುಷ್ಕರವೇ ಆಯಿತು. ದಶಕಗಳ ಹೋರಾಟದ ಕೊನೆಯಲ್ಲಿ 1965ರ ಬೋನಸ್ ಪಾವತಿ ಕಾಯ್ದೆ ಬಂದು, ಅದುವರೆಗೆ ಮಾಲಿಕನ ಕೃಪೆ ಎನಿಸಿಕೊಂಡಿದ್ದನ್ನು ಕಾರ್ಮಿಕನ ಹಕ್ಕಾಗಿಸಿತು.

ಆ ಕಾಯ್ದೆಯಲ್ಲಿ ಒಂದು ಸಣ್ಣ ನಿಯಮವಿತ್ತು: ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ ಕೊಡಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿದರೆ ಎಂಟು ತಿಂಗಳು ಎಂದರೆ ನವೆಂಬರ್ 30. ದಸರಾ, ದೀಪಾವಳಿಗಳು ಈ ಗಡುವಿನ ಒಳಗೇ ಬರುತ್ತವೆ. ಹೀಗಾಗಿ ಬೋನಸ್ಸಿಗೂ ದೀಪಾವಳಿಗೂ ಗಂಟು ಬಿತ್ತು. ಭದ್ರಾವತಿಯಲ್ಲಿ ಬೋನಸ್ ಆದ ವಾರ ಅಲ್ಲಿಯ ಪೇಟೆಯೂ ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆಯ ಗಾಂಧಿಬಜಾರೂ ಒಟ್ಟಿಗೇ ತುಂಬುತ್ತಿದ್ದವು.

ತಿರುಗುವ ಚಂದ್ರ, ತಿರುಗದ ಸಂಬಳ

ಇಲ್ಲಿಯೇ ಮುಸ್ಲಿಮ್ ಮನೆಯ ವಿಶೇಷ ಸಂಕಟವಿದೆ. ನಮ್ಮ ಹಿಜ್ರಿ ವರ್ಷಕ್ಕೆ ಸುಮಾರು 354 ದಿನ. ಈದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನು ಸುತ್ತಿ ಬರುತ್ತದೆ. 2004, 2005, 2006ರಲ್ಲಿ ದೀಪಾವಳಿಯೂ ಈದುಲ್ ಫಿತ್ರೂ ಕೆಲವೇ ದಿನಗಳ ಅಂತರದಲ್ಲಿ ಬಂದವು. ಆ ಮೂರು ವರ್ಷ ಬೋನಸ್ಸಿನ ಹಣ ಎರಡೂ ಹಬ್ಬಗಳಿಗೆ ಒದಗಿತು. ಬೀದಿಯಲ್ಲಿ ಹಣತೆಯ ಗಾಡಿ, ಅತ್ತರಿನ ಗಾಡಿ ಪಕ್ಕಪಕ್ಕದಲ್ಲಿ ನಿಂತವು. 2015ರಿಂದ 2018ರವರೆಗೆ ಈದ್ ಬಂದದ್ದು ಜೂನ್ ಜುಲೈಗಳಲ್ಲಿ. ಮಲೆನಾಡಿನ ಮಳೆ, ಶಾಲೆ ಆರಂಭವಾಗಿ ಫೀಸು, ಪುಸ್ತಕ, ಸಮವಸ್ತ್ರ, ಕೊಡೆಗಳ ಖರ್ಚು. ಅದರ ಮೇಲೆ ಈದ್. 2025ರಲ್ಲಿ ಈದ್ ಬಂದದ್ದು ಮಾರ್ಚ್ 31ಕ್ಕೆ, ಮಕ್ಕಳ ಪರೀಕ್ಷೆಯ ಕಾಲಕ್ಕೆ. ದೀಪಾವಳಿಯ ಜೊತೆ ಮತ್ತೆ ಕೂಡಲು 2030ರ ದಶಕದ ಕೊನೆ ಬರಬೇಕು.

ನಮ್ಮ ಹಬ್ಬ ಚಂದ್ರನ ಜೊತೆ ತಿರುಗುತ್ತದೆ. ನಮ್ಮ ಸಂಬಳ, ಬೋನಸ್, ಫಸಲು ಮಾತ್ರ ಸೂರ್ಯನ ಜೊತೆ. ಇವೆರಡರ ನಡುವಿನ ಅಂತರವನ್ನು ತುಂಬಿದ್ದು ಸಾಲ. ಸರಕಾರಿ ನೌಕರರಿಗೆ ಬಡ್ಡಿಯಿಲ್ಲದ ಹಬ್ಬದ ಮುಂಗಡ ಎಂಬ ಆಸರೆ ಇತ್ತು. ಕೇಂದ್ರ ಸರಕಾರ 2020ರ ಅಕ್ಟೋಬರ್‌ನಲ್ಲಿ ತನ್ನ ನೌಕರರಿಗೆ ಹತ್ತು ಸಾವಿರ ರೂಪಾಯಿಗಳ ಅಂತಹ ಮುಂಗಡ ಪ್ರಕಟಿಸಿ ಹತ್ತು ಕಂತುಗಳಲ್ಲಿ ಮರಳಿಸಲು ಹೇಳಿತು. ಗ್ಯಾರೇಜಿನ ಹುಡುಗನಿಗೆ, ಬೀಡಿ ಕಟ್ಟುವವಳಿಗೆ, ತಳ್ಳುಗಾಡಿಯವನಿಗೆ ಆ ಆಸರೆ ಎಲ್ಲಿದೆ? ಇಪ್ಪತ್ತಕ್ಕಿಂತ ಕಡಿಮೆ ಜನ ದುಡಿಯುವ ಅಂಗಡಿಗಳಿಗೆ 1965ರ ಬೋನಸ್ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುತ್ತಲೇ ಇರಲಿಲ್ಲ. ಹಬ್ಬದ ಬಟ್ಟೆ ಮಾರುವವಳಿಗೇ ಹಬ್ಬದ ಬೋನಸ್ ಹಕ್ಕಾಗಿ ಸಿಗಲಿಲ್ಲ.

ಈಗ ಭದ್ರಾವತಿಯ ಸಂಬಳವೂ ಗಟ್ಟಿಯಿಲ್ಲ. ಕಾಗದ ಕಾರ್ಖಾನೆಯ ಯಂತ್ರಗಳು 2015-16ರ ಹೊತ್ತಿಗೆ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರ ಹೋರಾಟದ ನಡುವೆ ಆ ವರ್ಷದ ಆಗಸ್ಟ್‌ನಲ್ಲಿ ಕೆಲವು ವಿಭಾಗಗಳು ಮತ್ತೆ ಚಾಲೂ ಆದವು. ಸಂಬಳ ಕಡಿಮೆಯಾದಷ್ಟು ಬೇಗ ಹಬ್ಬದ ಪಟ್ಟಿ ಕಡಿಮೆಯಾಗುವುದಿಲ್ಲ. ಕಂತಿನ ಸಾಲ ಮನೆಬಾಗಿಲಿಗೇ ಬರುತ್ತದೆ. ಸಾಲ ವಸೂಲಿಯ ಕಿರುಕುಳ ಎಷ್ಟು ಮಿತಿಮೀರಿತೆಂದರೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಮೈಕ್ರೋ ಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಅಮೆರಿಕದ ಹೆಂಗಸರು ಕಟ್ಟಿದ ಸಂಘ

ಈ ಕಷ್ಟ ನಮ್ಮದು ಮಾತ್ರವಲ್ಲ. ನೂರು ವರ್ಷಕ್ಕೂ ಹಿಂದೆ ನ್ಯೂಯಾರ್ಕ್‌ನಲ್ಲಿ ಕ್ರಿಸ್ಮಸ್ ಹತ್ತಿರ ಬಂದಾಗ ಅಂಗಡಿಗಳು ನಡುರಾತ್ರಿಯವರೆಗೆ ತೆರೆದಿರುತ್ತಿದ್ದವು. ಮಾರಾಟದ ಹುಡುಗಿಯರು ನಿಂತು ನಿಂತು ಕುಸಿಯುತ್ತಿದ್ದರು. ಪೊಟ್ಟಣ ಹೊತ್ತು ಮನೆ ಮನೆಗೆ ತಲುಪಿಸುತ್ತಿದ್ದವರು ಎಳೆಯ ಹುಡುಗರು. 1899ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಗ್ರಾಹಕರ ಲೀಗ್ ಮತ್ತು ಅದನ್ನು ನಡೆಸಿದ ಫ್ಲಾರೆನ್ಸ್ ಕೆಲಿ ಇದನ್ನು ಕಂಡು ಗ್ರಾಹಕರ ಮುಂದೆ ಒಂದು ಸರಳ ಕೋರಿಕೆ ಇಟ್ಟರು: ಬೇಗ ಕೊಳ್ಳಿ. ಕೊನೆಯ ವಾರಕ್ಕೆ ಉಳಿಸಬೇಡಿ, ಕತ್ತಲಾದ ಮೇಲೆ ಕೊಳ್ಳಬೇಡಿ. ಇಂದು 'ಬೇಗ ಕೊಳ್ಳಿ' ಎಂಬುದು ವ್ಯಾಪಾರಿಗಳ ಜಾಹೀರಾತಿನ ಮಾತು. ಅದು ಹುಟ್ಟಿದ್ದು ಮಾತ್ರ ದುಡಿಯುವ ಹುಡುಗಿಯರ ಕಾಲುಗಳ ಮೇಲಿನ ಕನಿಕರದಿಂದ.

1912ರಲ್ಲಿ ಅದೇ ನಗರದಲ್ಲಿ ಎಲಿನೋರ್ ಬೆಲ್ಮಾಂಟ್ ಮತ್ತು ಆ್ಯನ್ ಮಾರ್ಗನ್ ಎಂಬ ಇಬ್ಬರು ಮಹಿಳೆಯರು ಇನ್ನೊಂದು ಸಂಘ ಕಟ್ಟಿದರು. ಅದರ ಹೆಸರೇ 'ಉಪಯೋಗವಿಲ್ಲದ ಕೊಡುಗೆಗಳನ್ನು ತಡೆಯುವ ಸಂಘ'. ದುಡಿಯುವ ಹೆಣ್ಣುಮಕ್ಕಳು ರಜೆಗೆಂದು ವಾರವಾರ ಕೂಡಿಟ್ಟ ಹಣ ಡಿಸೆಂಬರಿನಲ್ಲಿ ಕರಗುತ್ತಿತ್ತು. ಎಲ್ಲಿಗೆ ಹೋಗುತ್ತಿತ್ತೆಂದು ನೋಡಿದರೆ ಮೇಸ್ತ್ರಿಗೆ, ಮೇಲ್ವಿಚಾರಕರಿಗೆ ಕೊಡಲೇಬೇಕಾದ ಉಡುಗೊರೆಗಳಿಗೆ. ಕೊಡದಿದ್ದರೆ ಕೆಲಸಕ್ಕೆ ಕುತ್ತು. 'ನಾನೊಬ್ಬಳೇ ಕೊಡುವುದಿಲ್ಲ' ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಸಾವಿರಾರು ಜನ ಒಟ್ಟಿಗೆ ಕೊಡುವುದಿಲ್ಲವೆಂದಾಗ ಅದು ಸುಲಭವಾಯಿತು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಕೂಡ ಆ ಸಂಘದ ಸದಸ್ಯರಾದರು. ಇದರಲ್ಲಿ ನಮಗೊಂದು ಪಾಠವಿದೆ. ಹಬ್ಬದ ಹೊರೆಯನ್ನು ಒಬ್ಬೊಬ್ಬರೇ ಇಳಿಸಲಾಗದು, ಏಕೆಂದರೆ ಒಬ್ಬರೇ ಇಳಿಸಿದರೆ ಅದು ಜಿಪುಣತನವೆನಿಸುತ್ತದೆ. ನಾಲ್ಕು ಮನೆಯವರು ಕೂಡಿ ಇಳಿಸಿದರೆ ಅದು ಪದ್ಧತಿಯಾಗುತ್ತದೆ.

ಹಣದ ಸಮಸ್ಯೆಗೂ ಅಲ್ಲಿ ಒಂದು ಉಪಾಯ ಹುಟ್ಟಿತು. 1909ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನ ಬ್ಯಾಂಕೊಂದು 'ಕ್ರಿಸ್ಮಸ್ ಕ್ಲಬ್' ಆರಂಭಿಸಿತು. ವಾರವಾರ ಚಿಲ್ಲರೆ ಕಟ್ಟುವುದು, ಹಬ್ಬಕ್ಕೆ ಮುಂಚೆ ಒಟ್ಟಿಗೆ ಪಡೆಯುವುದು. ನಮ್ಮ ಬೀದಿಯ ಚೀಟಿಯ ಹಾಗೆಯೇ. ಚೀಟಿಯ ಅಪಾಯವೂ ಎಲ್ಲ ಕಡೆ ಒಂದೇ. ಬ್ರಿಟನ್ನಿನಲ್ಲಿ ಫೇರ್‌ಪ್ಯಾಕ್ ಎಂಬ ಹಬ್ಬದ ಉಳಿತಾಯದ ಸಂಸ್ಥೆ 2006ರ ಅಕ್ಟೋಬರ್‌ನಲ್ಲಿ, ಕ್ರಿಸ್ಮಸ್‌ಗೆ ಎರಡು ತಿಂಗಳಿರುವಾಗ ಮುಳುಗಿತು. ವರ್ಷವಿಡೀ ಕಟ್ಟಿದ್ದ ಒಂದು ಲಕ್ಷಕ್ಕೂ ಹೆಚ್ಚು ಬಡ ಕುಟುಂಬಗಳು ಬರಿಗೈಯಾದವು. ನಮ್ಮ ರಾಜ್ಯದಲ್ಲಿ 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ 'ಹಲಾಲ್ ಲಾಭ'ದ ಮಾತು ನಂಬಿ ಹಣ ಹಾಕಿದ ಹತ್ತಾರು ಸಾವಿರ ಜನರ ಪಾಡನ್ನು ನಾವು ಕಂಡಿದ್ದೇವೆ. ನಮ್ಮಲ್ಲಿ 1982ರ ಚೀಟಿ ನಿಧಿ ಕಾಯ್ದೆ ಇದೆ, ನೋಂದಣಿಯ ನಿಯಮವಿದೆ. ಹಬ್ಬಕ್ಕೆಂದು ಕೂಡಿಡುವ ಹಣಕ್ಕೆ ಲಾಭದ ಆಸೆ ಬೇಡ. ಅಂಚೆ ಕಚೇರಿಯ ಉಳಿತಾಯ ಖಾತೆಯೋ, ಒಬ್ಬರಿಗೊಬ್ಬರು ಗೊತ್ತಿರುವ ಸ್ವಸಹಾಯ ಗುಂಪೋ ಸಾಕು.

ಬೆಲೆಯ ಮುದ್ರೆ, ಬಿಲ್ಲಿನ ಬಲ

ಹಬ್ಬದ ಪೇಟೆಯಲ್ಲಿ ನಮ್ಮನ್ನು ಬಳಲಿಸುವ ಇನ್ನೊಂದು ಸಂಗತಿ ಅನುಮಾನ. ಹೇಳಿದ ಬೆಲೆ ಸರಿಯೇ? ಪಕ್ಕದ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತಿತ್ತೇ? ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆಯ ಅಭಾವ ವಿಪರೀತವಾದಾಗ 1943ರಲ್ಲಿ ಸರಕಾರ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆದೇಶ ತಂದು, ಬಟ್ಟೆಯ ಮೇಲೆಯೇ ಬೆಲೆಯ ಮುದ್ರೆ ಒತ್ತುವ ವ್ಯವಸ್ಥೆ ಮಾಡಿತು. ಕಂಟ್ರೋಲ್ ಬಟ್ಟೆಗೆ ಕಾಯಬೇಕಿತ್ತು, ಕಾಳಸಂತೆಯೂ ಇತ್ತು. ಆದರೂ ಅಚ್ಚಾದ ಬೆಲೆ ಬಡವನಿಗೆ ಒಂದು ಆಧಾರವಾಗಿತ್ತು.

ಮಾರುವವನಿಗೂ ಕೊಳ್ಳುವವನಿಗೂ ನಡುವೆ ನ್ಯಾಯವಿರಬೇಕೆಂಬ ಚಿಂತನೆ ಇಸ್ಲಾಮಿನ ಕಾನೂನಿನಲ್ಲಿ ಬಹಳ ಹಳೆಯದು. ಪೇಟೆಯ ತೂಕ, ಅಳತೆ, ಮೋಸಗಳನ್ನು ನೋಡಿಕೊಳ್ಳಲು 'ಮುಹ್ತಸಿಬ್' ಎಂಬ ಅಧಿಕಾರಿ ಇರುತ್ತಿದ್ದ. ಕೊಂಡವರೂ ಮಾರಿದವರೂ ಆ ಜಾಗದಿಂದ ಅಗಲುವವರೆಗೆ ವ್ಯಾಪಾರ ರದ್ದುಮಾಡುವ ಆಯ್ಕೆಯನ್ನು ಹಲವು ಫಿಕ್ಹ್ ವಿದ್ವಾಂಸರು ಒಪ್ಪಿದ್ದಾರೆ. ಅಡಗಿದ್ದ ಕೊರತೆ ಕಂಡುಬಂದರೆ ವಸ್ತುವನ್ನು ಮರಳಿಸುವ ಹಕ್ಕಂತೂ ಇದ್ದೇ ಇದೆ. ನಮ್ಮ ದೇಶದ ಕಾನೂನು ಅದೇ ದಾರಿಗೆ ಬಂದದ್ದು 1986ರ ಗ್ರಾಹಕ ರಕ್ಷಣಾ ಕಾಯ್ದೆಯಿಂದ. ಅದರ ಜಾಗಕ್ಕೆ ಬಂದ 2019ರ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆಯಲು ಒಪ್ಪದಿರುವುದೂ ಅನುಚಿತವೇ. ಆದರೆ 'ಮಾರಿದ ಮಾಲು ವಾಪಸಿಲ್ಲ' ಎಂಬ ಬೋರ್ಡು ನೋಡಿ ನಾವು ಸುಮ್ಮನಾಗುತ್ತೇವೆ. ಒಮ್ಮೆ ನಮ್ಮ ಮನೆಗೆ ತಂದ ಮಕ್ಕಳ ಅಂಗಿಯ ಹೊಲಿಗೆ ಹಬ್ಬದ ಬೆಳಗ್ಗೆಯೇ ಬಿಚ್ಚಿಕೊಂಡಿತು. ಬಿಲ್ಲು ಕೇಳಿರಲಿಲ್ಲವಾದ್ದರಿಂದ ಕೇಳಲು ಬಾಯಿಯೂ ಇರಲಿಲ್ಲ. ಆ ದಿನದಿಂದ ನಮಗೆ ಬುದ್ಧಿ ಬಂತು: ಬಿಲ್ಲು ಕೇಳುವುದು ಜಗಳವಲ್ಲ, ನೆಮ್ಮದಿ.

ಎಣಿಕೆಯಿಲ್ಲದ ಆಯ್ಕೆಯೂ ಒಂದು ಬಳಲಿಕೆಯೇ. 2000ದಲ್ಲಿ ಪ್ರಕಟವಾದ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪರ್ ಅವರ ಪ್ರಸಿದ್ಧ ಅಧ್ಯಯನದಲ್ಲಿ, ಅಂಗಡಿಯೊಂದರಲ್ಲಿ 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ನೂರಕ್ಕೆ ಮೂವರು ಮಾತ್ರ ಕೊಂಡರು. ಆರೇ ಬಗೆ ಇಟ್ಟಾಗ ಮೂವತ್ತು ಜನ ಕೊಂಡರು. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಒಂದೇ ಥಾನಿನ ಬಟ್ಟೆಯಲ್ಲಿ ಅಣ್ಣತಮ್ಮಂದಿರೆಲ್ಲರಿಗೂ ಅಂಗಿ ಹೊಲಿಸುತ್ತಿದ್ದುದನ್ನು ನಾವು ಬಡತನವೆಂದಷ್ಟೇ ತಿಳಿದಿದ್ದೇವೆ. ಅದರಲ್ಲಿ ಒಂದು ಜಾಣತನವೂ ಇತ್ತು.

ಕೌಂಟರಿನ ಆಚೆ ನಿಂತವಳು

ಹಬ್ಬದ ಪೇಟೆಯ ಬಳಲಿಕೆಯನ್ನು ಹೇಳುವಾಗ ಕೌಂಟರಿನ ಆಚೆಯವರನ್ನು ಮರೆಯಬಾರದು. ಜವಳಿ ಅಂಗಡಿಗಳಲ್ಲಿ ದಿನವಿಡೀ ಸೀರೆ ಬಿಚ್ಚಿ, ಮಡಿಸಿ, ಮತ್ತೆ ಬಿಚ್ಚುವ ಹುಡುಗಿಯರು ಬೇರೆಲ್ಲಿಂದಲೋ ಬಂದವರಲ್ಲ. ಗೋಪಾಳದ, ಟಿಪ್ಪುನಗರದ, ಭದ್ರಾವತಿಯ ನಮ್ಮ ನಿಮ್ಮ ಮನೆಯಂತಹ ಮನೆಗಳ ಮಕ್ಕಳು. ಅವರಲ್ಲಿ ಎಷ್ಟೋ ಜನ ರೋಝಾ ಇಟ್ಟುಕೊಂಡೇ ನಿಂತಿರುತ್ತಾರೆ. ಮಾರಾಟದ ಹೆಂಗಸರಿಗೆ ಕುಳಿತುಕೊಳ್ಳಲು ಆಸನ ಇಡಬೇಕೆಂದು ಬ್ರಿಟನ್ 1899ರಲ್ಲೇ ಕಾನೂನು ಮಾಡಿತ್ತು. ನಮ್ಮ ನೆರೆಯ ಕೇರಳದಲ್ಲಿ ಅದಕ್ಕೆ 2018ರವರೆಗೆ ಕಾಯಬೇಕಾಯಿತು. ಕೋಝಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಂಗಸರು, ಸ್ವತಃ ದರ್ಜಿಯಾಗಿದ್ದ ವಿಜಿ ಅವರ ಮುಂದಾಳತ್ವದಲ್ಲಿ ವರ್ಷಗಳ ಕಾಲ ಹೋರಾಡಿ 'ಕೂರುವ ಹಕ್ಕು' ಗಳಿಸಿದರು. 2021ರಲ್ಲಿ ತಮಿಳುನಾಡೂ ಹಾಗೆಯೇ ಕಾನೂನು ಮಾಡಿತು. ಇಪ್ಪತ್ತು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದು ಬರುವಾಗ ಆ ಹುಡುಗಿಯ ಕಾಲುಗಳ ನೆನಪಾದರೆ ನಮ್ಮ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ.

ಪೇಟೆಗೆ ಇನ್ನೊಂದು ಭಯವೂ ಇದೆ. 2022ರ ಫೆಬ್ರವರಿಯಲ್ಲಿ, ಮತ್ತೆ ಆಗಸ್ಟ್‌ನಲ್ಲಿ ಶಿವಮೊಗ್ಗದಲ್ಲಿ ನಿಷೇಧಾಜ್ಞೆ ಹೇರಲಾಯಿತು. ಆ ವರ್ಷದ ಮಾರ್ಚ್‌ನಲ್ಲಿ ನಗರದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ಸಿಗಲಿಲ್ಲ. ಬೀದಿಯ ವ್ಯಾಪಾರಿಗೆ ಹಬ್ಬದ ಹದಿನೈದು ದಿನಗಳ ದುಡಿಮೆ ಆರು ತಿಂಗಳ ಆಸರೆ. ಅಂಗಡಿ ಬಾಗಿಲು ಹಾಕಿದರೆ ಹಣತೆ ಮಾರುವವನೂ ಬಳೆ ಮಾರುವವನೂ ಒಟ್ಟಿಗೇ ಸೋಲುತ್ತಾರೆ. ಹಬ್ಬದ ಬಟ್ಟೆಯ ಅಂಗಡಿ ಹಿಂದೂ ಸೇಟು ಇಟ್ಟಿರುತ್ತಾನೆ, ಹೊಲಿಯುವ ದರ್ಜಿ ಮುಸ್ಲಿಮನಿರುತ್ತಾನೆ. ದೀಪಾವಳಿಯ ಅಂಗಿಯೂ ಅದೇ ಯಂತ್ರದ ಕೆಳಗೆ ಹಾಯುತ್ತದೆ. ಈ ಹೆಣಿಗೆ ಹರಿಯದಂತೆ ನೋಡಿಕೊಳ್ಳುವುದು ಹಬ್ಬದ ನೆಮ್ಮದಿಯ ಮೊದಲ ಷರತ್ತು.

ನಾವೇನು ಮಾಡಬಹುದು?

2020ರ ಈದ್ ನೆನಪಿದೆಯೇ? ಮೇ ತಿಂಗಳು, ಲಾಕ್‌ಡೌನ್. ಈ ಬಾರಿ ಹೊಸ ಬಟ್ಟೆ ಬೇಡ, ಆ ಹಣ ಹಸಿದವರಿಗೆ ಹೋಗಲಿ ಎಂದು ರಾಜ್ಯದ ಉದ್ದಗಲಕ್ಕೂ ಮಸೀದಿಗಳಿಂದ, ಸಂಘಟನೆಗಳಿಂದ ಕರೆ ಬಂತು. ಮನೆಮನೆಗಳಲ್ಲಿ ಒಗೆದು ಇಸ್ತ್ರಿ ಮಾಡಿದ ಹಳೆಯ ಬಟ್ಟೆಯಲ್ಲೇ ಈದ್ ಆಯಿತು, ನಮಾಝೂ ಮನೆಯಲ್ಲೇ ಆಯಿತು. ಯಾರ ಮಾನವೂ ಹೋಗಲಿಲ್ಲ, ಏಕೆಂದರೆ ಎಲ್ಲರೂ ಕೂಡಿ ಹಾಗೆ ಮಾಡಿದ್ದರು. ನ್ಯೂಯಾರ್ಕಿನ ಆ ಸಂಘದ ಗುಟ್ಟೂ ಇದೇ. ಪ್ರತಿ ವರ್ಷ ಹೊಸ ಬಟ್ಟೆ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಗಾಂಧಿಬಜಾರಿನ ಬದುಕೂ ನಡೆಯಬೇಕು, ಮಕ್ಕಳ ಮುಖವೂ ಅರಳಬೇಕು. ಆದರೆ ನಿರ್ಧಾರ ಪೇಟೆಯದ್ದಾಗಬಾರದು, ನಮ್ಮದಾಗಬೇಕು.

ನಮ್ಮ ಓಣಿಯ ಕೆಲವು ಮನೆಗಳವರು ಕೂಡಿ ನಾವು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಬಟ್ಟೆಯ ಖರೀದಿ ರಮಝಾನ್‌ಗೆ ಮುಂಚೆ, ಶಾಬಾನ್‌ನಲ್ಲೇ ಮುಗಿಯಬೇಕು. ಆಗ ಪೇಟೆ ಬಿಡುವಾಗಿರುತ್ತದೆ, ದರ್ಜಿಗೂ ಕಾಲ ಸಿಗುತ್ತದೆ, ಕೊನೆಯ ಹತ್ತು ರಾತ್ರಿಗಳು ಇಬಾದತ್ತಿಗೆ ಉಳಿಯುತ್ತವೆ. ಪಟ್ಟಿಯನ್ನು ಮನೆಯವರೆಲ್ಲ ಕುಳಿತು ಬರೆಯಬೇಕು, ಎದುರಿಗೆ ಮೊತ್ತವನ್ನೂ ಬರೆಯಬೇಕು. ಪಟ್ಟಿಯ ಮೊದಲ ಸಾಲು ಫಿತ್ರ್, ಎರಡನೆಯ ಸಾಲು ಅಮ್ಮಿಯ ಬಟ್ಟೆ. ಬಂಧುಗಳಲ್ಲಿ ದೊಡ್ಡವರಿಗೆ ದೊಡ್ಡವರು ಬಟ್ಟೆ ಕೊಡುವುದನ್ನು ಮಾತನಾಡಿಕೊಂಡು ನಿಲ್ಲಿಸಿದ್ದೇವೆ. ಮಕ್ಕಳಿಗೆ ಈದಿ, ಹಿರಿಯರಿಗೆ ಭೇಟಿ. ಈದಿಗೂ ಎಲ್ಲ ಮನೆಗಳಲ್ಲಿ ಒಂದೇ ಮೊತ್ತ. ತಿಂಗಳಿಗಿಷ್ಟು ಎಂದು ಹನ್ನೆರಡು ತಿಂಗಳೂ ತೆಗೆದಿಟ್ಟರೆ ಈದ್ ಯಾವ ಋತುವಿನಲ್ಲಿ ಬಂದರೂ ಸಾಲ ಬೇಕಾಗುವುದಿಲ್ಲ. ಬೋನಸ್ ಸೂರ್ಯನ ಜೊತೆ ಹೋಗಲಿ, ನಮ್ಮ ಉಳಿತಾಯ ಚಂದ್ರನ ಜೊತೆ ನಡೆಯಲಿ.

ಒಬ್ಬರಿಗೊಬ್ಬರು ಉಡುಗೊರೆ ಕೊಟ್ಟರೆ ಪ್ರೀತಿ ಬೆಳೆಯುತ್ತದೆಂಬುದು ಪ್ರವಾದಿ(ಸ)ಯವರ ಬೋಧನೆ. ನೆರೆಯವಳು ಕಳಿಸಿದ್ದು ಎಷ್ಟೇ ಅಲ್ಪವಾಗಿದ್ದರೂ ಕೀಳಾಗಿ ಕಾಣಬಾರದೆಂದೂ ಅವರು ಹೆಂಗಸರಿಗೆ ಹೇಳಿದ್ದರು. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಕೊಡುವುದು ಪ್ರೀತಿಗಾಗಿ, ಆದ್ದರಿಂದ ಅಲ್ಪವಾದರೂ ಸಾಕು. ಭದ್ರಾವತಿಯ ಕ್ವಾರ್ಟರ್ಸ್‌ಗಳಲ್ಲಿ ತಟ್ಟೆ ಖಾಲಿ ಮರಳಿಸದಿದ್ದವರಿಗೆ ಇದು ಗೊತ್ತಿತ್ತು. ಆ ತಟ್ಟೆಯಲ್ಲಿ ಬರುತ್ತಿದ್ದದ್ದು ಎರಡು ಹೋಳಿಗೆ, ಒಂದು ತುಂಡು ಕೇಕು. ಅದರ ಬೆಲೆಯನ್ನು ಯಾರೂ ಕೇಳಲಿಲ್ಲ. ನಲವತ್ತು ವರ್ಷಗಳ ನಂತರವೂ ಅದರ ರುಚಿಯನ್ನು ಮಾತ್ರ ಯಾರೂ ಮರೆತಿಲ್ಲ.